ಬೇಲಿಯ ಪೀಡೆಯಿಂದ ಬುಟ್ಟಿ, ಕುರ್ಚಿ, ಆನೆ

ಗುಮ್ಮಳಾಪುರದ ಸುತ್ತಿನ ಹೊಲಗಳಲ್ಲಿ ಯಾವ ಬದುವಿನ ಮೇಲೆ ನಿಂತು ನೋಡಿದರೂ ಕಣ್ಣಿಗೆ ಬೀಳುವ ಗಿಡವೊಂದುಂಟು. ಹಳದಿ, ಕೆಂಪು, ನಸುಗೆಂಪು ಬಣ್ಣಗಳ ಪುಟ್ಟ ಹೂಗಳ ಗೊಂಚಲು, ಎಲೆಯನ್ನು ಹಿಸುಕಿದರೆ ಕೈಬಿಡದ ಘಾಟು ವಾಸನೆ, ಕಾಂಡದ ಮೇಲೆ ಬಟ್ಟೆಯನ್ನು ಹಿಡಿದೆಳೆಯುವ ಮುಳ್ಳು, ಕರಿಮಣಿಯಂತಹ ಹಣ್ಣು. ಇದೇ ಲಂಟಾನ. ನಮ್ಮ ನೆರೆಯ ತಮಿಳು ಬಂಧುಗಳು ಇದನ್ನು ಉಣ್ಣಿಚೆಡಿ ಎನ್ನುತ್ತಾರೆ. ಹೆಸರು ಯಾವುದಾದರೇನು, ಒಕ್ಕಲಿಗನಿಗೆ ಇದೊಂದು ಪೀಡೆ. ಕಡಿದಷ್ಟೂ ಚಿಗುರುತ್ತದೆ, ಸುಟ್ಟರೆ ಮಳೆಗಾಲಕ್ಕೆ ಮತ್ತೆ ಎದ್ದು ನಿಲ್ಲುತ್ತದೆ.

ಇಂತಹ ಗಿಡದಿಂದಲೂ ಬಾಳಿಗೆ ಬೇಕಾದ ಸಾಮಾನು ಮಾಡುವ ಜನ ನಮ್ಮಿಂದ ಬಹಳ ದೂರದಲ್ಲಿಲ್ಲ. ಮಾದಪ್ಪನ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಬುಟ್ಟಿ ಹೆಣೆಯುತ್ತಾರೆ, ಕುರ್ಚಿ ಕಟ್ಟುತ್ತಾರೆ; ಅವರೂ ನೀಲಗಿರಿಯ ಗೂಡಲೂರಿನ ಕಡೆಯ ಕಾಡುಜನರೂ ಸೇರಿ ಅದೇ ಕಡ್ಡಿಯಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಮಾಡಿದ್ದಾರೆ. ಆ ಕೆಲಸದ ಬಗೆ ಯಾವುದು, ಅದರಿಂದ ನಮ್ಮಂತಹ ಗಡಿಯ ಒಕ್ಕಲು ಮಕ್ಕಳು ಕಲಿಯಬೇಕಾದ್ದೇನು ಎಂಬುದನ್ನು ಈ ವಾರ ವಾಚಕರ ಮುಂದಿಡುತ್ತೇವೆ.

ಗಿಡದ ಪೂರ್ವಕಥೆ

ಲಂಟಾನ ನಮ್ಮ ನಾಡಿನದಲ್ಲ. ಅದರ ತೌರು ಅಮೆರಿಕ ಖಂಡದ ಉಷ್ಣ ಪ್ರದೇಶ. ಹೂವಿನ ಚೆಂದಕ್ಕೆ ಮರುಳಾದ ಯೂರೋಪಿನವರು ಅದನ್ನು ತಮ್ಮ ತೋಟಗಳಿಗೆ ಒಯ್ದರು. ಅಲ್ಲಿಂದ 19ನೆಯ ಶತಮಾನದ ಆರಂಭದಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಅಲಂಕಾರಕ್ಕೆಂದು, ಬೇಲಿಗೆಂದು ದೊರೆಗಳ ಬಂಗಲೆಗಳ ಸುತ್ತ ನೆಟ್ಟ ಗಿಡ ಬೇಲಿಯನ್ನು ದಾಟಿ ಕಾಡನ್ನು ಹೊಕ್ಕಿತು. ಒಂದು ಗಿಡ ವರ್ಷಕ್ಕೆ 12,000 ಹಣ್ಣುಗಳವರೆಗೆ ಬಿಡಬಲ್ಲದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಪಿಕಳಾರದಂತಹ ಹಕ್ಕಿಗಳು ಹಣ್ಣನ್ನು ತಿಂದು, ಹೋಗಿ ಕುಳಿತ ಮರದ ಕೆಳಗೆಲ್ಲ ಬೀಜ ಉದುರಿಸುತ್ತವೆ. ಬಿತ್ತುವವನಿಗೆ ಕೂಲಿ ಕೊಡದೆ ಹಬ್ಬಿದ ಬೆಳೆ ಇದೊಂದೇ ಎನ್ನಬೇಕು.

ಇದನ್ನು ಅಡಗಿಸಲು ಸರ್ಕಾರಗಳು ಸುಮ್ಮನೆ ಕುಳಿತಿರಲಿಲ್ಲ. 1921ರಲ್ಲಿ ಹವಾಯಿ ದ್ವೀಪದಿಂದ ಲಂಟಾನದ ಬೀಜ ತಿನ್ನುವ ನೊಣವನ್ನು ತರಿಸಿದರು. 1941ರಲ್ಲಿ ಎಲೆಯ ರಸ ಹೀರುವ ತಿಗಣೆಯೊಂದನ್ನು ತರಿಸಿದರು. ಕೀಟಗಳು ಗಿಡವನ್ನು ಕೊಂಚ ಕಾಡಿಸಿದವೇ ಹೊರತು ಕೊಲ್ಲಲಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದ ಕಾಡುಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರು, ಎಂದರೆ ನೂರಕ್ಕೆ 40 ಪಾಲಿಗೂ ಮಿಕ್ಕಿ, ಲಂಟಾನ ವ್ಯಾಪಿಸಿದೆ. 2022ರಲ್ಲಿ ತಮಿಳುನಾಡು ಸರ್ಕಾರವೂ ಹೊರನಾಡಿನ ಇಂತಹ ಆಕ್ರಮಣಕಾರಿ ಗಿಡಗಳನ್ನು ತೆಗೆದು ಕಾಡನ್ನು ಮೊದಲಿನಂತೆ ಮಾಡುವುದಕ್ಕೆಂದೇ ಒಂದು ನೀತಿಯನ್ನು ಹೊರಡಿಸಿತು.

ರಾಗಿಗೂ ಲಂಟಾನಕ್ಕೂ ಇರುವ ನಂಟು

ನಮ್ಮ ಕಡೆಯವರಿಗೆ ಈ ಗಿಡದ ಕೇಡು ಎರಡು ಬಗೆಯದು. ಮೊದಲನೆಯದು ದನಕರುಗಳಿಗೆ. ಎಲೆಯಲ್ಲಿ ವಿಷವಿದೆ. ಮೇವಿಲ್ಲದ ಬೇಸಗೆಯಲ್ಲಿ ಹಸಿದ ಹಸುವೋ ಕುರಿಯೋ ಇದನ್ನು ಮೇದರೆ ಪಿತ್ತಕೋಶ ಕೆಡುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಬಂದರೆ ಮೂತಿಯ ಮೇಲೆ, ಬಿಳಿಯ ಕೂದಲಿರುವ ಕಡೆ ಚರ್ಮ ಸುಟ್ಟಂತೆ ಸುಲಿಯುತ್ತದೆ. ಇಂತಹ ಲಕ್ಷಣ ಕಂಡೊಡನೆ ಪ್ರಾಣಿಯನ್ನು ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸಬೇಕು.

ಎರಡನೆಯ ಕೇಡು ಕಾಡಿನ ದಾರಿಯಿಂದ ಬರುತ್ತದೆ. ಲಂಟಾನದ ಪೊದೆಯ ಕೆಳಗೆ ಹುಲ್ಲು ಬೆಳೆಯದು, ಮರದ ಸಸಿ ಏಳದು. ಕಾಡೆಲ್ಲ ದೂರದಿಂದ ಹಸುರಾಗಿ ಕಂಡರೂ ಒಳಗೆ ಮೇವಿಲ್ಲ. ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗೆರೆ, ಡೆಂಕಣಿಕೋಟೆಗಳ ಕಾಡಿಗೆ ಆನೆಯ ಹಿಂಡುಗಳು ಸುಗ್ಗಿಯ ಕಾಲಕ್ಕೆ, ಎಂದರೆ ಸುಮಾರು ಅಕ್ಟೋಬರಿನಿಂದ ಫೆಬ್ರವರಿಯವರೆಗೆ, ವರ್ಷವರ್ಷವೂ ಬರುವುದು ನಮಗೆಲ್ಲ ಗೊತ್ತಿರುವುದೇ. ತೆನೆ ಕಟ್ಟಿದ ರಾಗಿಯ ರುಚಿ ಅವಕ್ಕೆ ಚೆನ್ನಾಗಿ ಗೊತ್ತು. ಆನೆ ಹೊಲಕ್ಕೆ ನುಗ್ಗಲು ಲಂಟಾನವೊಂದೇ ಕಾರಣವೆಂದರೆ ಅದು ಸುಳ್ಳಾದೀತು. ಅವುಗಳ ಹಳೆಯ ದಾರಿಗೆ ಅಡ್ಡವಾಗಿ ರಸ್ತೆ, ಕಲ್ಲುಗಣಿ, ಬಡಾವಣೆಗಳು ಬಂದುದೂ ಕಾರಣವೇ. ಆದರೆ ಕಾಡಿನಲ್ಲಿ ಹುಲ್ಲಿಲ್ಲದಿರುವುದು ಸಣ್ಣ ಕಾರಣವಲ್ಲ. ಊರ ಅಂಚಿನ ಪೊದೆಗಳು ಕಾಡುಹಂದಿಗೂ ಚಿರತೆಗೂ ಅಡಗುದಾಣವಾಗುತ್ತವೆ. ಗುಮ್ಮಳಾಪುರದ ಹೆಸರು ಹೊರದೇಶದ ಓದುಗರಿಗೆ ತಿಳಿದದ್ದೇ 1954ರಲ್ಲಿ ಕೆನ್ನೆತ್ ಆಂಡರ್ಸನ್ ತನ್ನ ಬೇಟೆಯ ಪುಸ್ತಕದಲ್ಲಿ ಬರೆದ ಇಲ್ಲಿಯ ನರಭಕ್ಷಕ ಚಿರತೆಯ ಕಥೆಯಿಂದ ಎಂಬುದನ್ನು ನೆನೆದರೆ, ಪೊದೆಯೆಂದರೆ ನಮ್ಮ ಹಿರಿಯರಿಗೆ ಏಕೆ ಅಂಜಿಕೆಯಿತ್ತೆಂಬುದು ಅರ್ಥವಾದೀತು.

ಲಾಲ್‌ಬಾಗಿನಲ್ಲಿ ಕಂಡದ್ದು

2024ರ ಫೆಬ್ರವರಿ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಲಂಟಾನದ ಸುಮಾರು 60 ಆನೆಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ನಮ್ಮ ಹೊಲದ ಪಕ್ಕದ ಹಿರಿಯ ಗೌಡರನ್ನು ಬಲವಂತ ಮಾಡಿ ಕರೆದುಕೊಂಡು ಹೋದೆವು. ಅವರ ಒಂದೂವರೆ ಎಕರೆ ರಾಗಿ ಆ ಸುಗ್ಗಿಯಲ್ಲಿ ಒಂದೇ ರಾತ್ರಿಗೆ ಆನೆಯ ಪಾಲಾಗಿತ್ತು. ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿದು ಗಂಟಲು ಹರಿದುಕೊಂಡರೂ ಫಲವಾಗಿರಲಿಲ್ಲ.

ಮರದ ನೆರಳಿನಲ್ಲಿ ಗಂಡಾನೆ, ಹೆಣ್ಣಾನೆ, ತಾಯ ಮಗ್ಗುಲಿಗೆ ಒತ್ತಿ ನಿಂತ ಮರಿ, ಹೀಗೆ ಹಿಂಡು ಹಿಂಡಾಗಿ ನಿಂತಿದ್ದವು. ದೂರದಿಂದ ನೋಡಿದಾಗ ನಿಜವಾದ ಆನೆಗಳೇ. ಗೌಡರು ಒಂದು ಗಳಿಗೆ ನಿಂತಲ್ಲೇ ನಿಂತರು. ಬಳಿಕ ನಕ್ಕು, "ಏನ್ ಮೇಷ್ಟ್ರೇ, ಇದನ್ನ ನೋಡಕ್ಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮೊಲಕ್ಕೆ ಕಾಸಿಲ್ದೆ ಬರ್ತಾವಲ್ಲ!" ಎಂದರು.

ಹತ್ತಿರ ಹೋದ ಮೇಲೆ ಅವರ ಮಾತು ನಿಂತಿತು. ಆನೆಯ ಮೈಯೆಲ್ಲ ಬೆರಳಿನ ದಪ್ಪದ ಕಡ್ಡಿಗಳ ಸಾಲು. ಹೊಟ್ಟೆಯ ಬಾಗಿಗೆ ತಕ್ಕಂತೆ ಕಡ್ಡಿ ಬಾಗಿದೆ. ಸೊಂಡಿಲ ಬಳಿ ಸಣ್ಣ ಕಡ್ಡಿ, ಹೆಗಲ ಬಳಿ ದಪ್ಪ ಕಡ್ಡಿ. ಕಿವಿಯ ಮಡಿಕೆ ಕೂಡ ತಪ್ಪಿಲ್ಲ. ಗೌಡರು ಅಲ್ಲಿದ್ದ ಕಾವಲುಗಾರನ ಕಣ್ಣು ತಪ್ಪಿಸಿ ಉಗುರಿನಿಂದ ಕೆರೆದು ನೋಡಿ, "ಇದು ನಮ್ಮ ಬದಿನ ಗಿಡವೇ ಕಣ್ರೀ" ಎಂದರು. ಆಮೇಲೆ ಕೇಳಿದರು: "ಇದನ್ನ ಮಾಡ್ದೋರಿಗೆ ಕೂಲಿ ಗಿಟ್ತದಾ?"

ಗಿಟ್ಟುತ್ತದೆ ಎಂದೆವು. ಇವನ್ನು ಕೊಂಡುಕೊಳ್ಳುವವರು ಇದ್ದಾರೆಂದೂ, ಬಂದ ಹಣದಲ್ಲಿ ಮಾಡಿದವರ ಕೂಲಿ ಕಳೆದು, ಮನುಷ್ಯರೂ ಕಾಡುಮೃಗಗಳೂ ಜಗಳವಿಲ್ಲದೆ ಬಾಳುವುದಕ್ಕೆ ಬೇಕಾದ ಕೆಲಸಗಳಿಗೆ ವಿನಿಯೋಗಿಸುತ್ತಾರೆಂದೂ ತಿಳಿಸಿದೆವು. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನ ರಾಗಿಗೂ ಅದರಾಗೆ ಒಂದು ಪಾಲು ಐತೆ ಅಂತ ಬರೀರಿ ನಿಮ್ಮ ಪೇಪರಿನಾಗೆ" ಎಂದರು. ನಾವು ನಕ್ಕೆವು. ಆದರೆ ಊರಿಗೆ ಬರುವ ಬಸ್ಸಿನಲ್ಲಿ ಆ ಮಾತು ನಗುವ ಮಾತಾಗಿ ಉಳಿಯಲಿಲ್ಲ. ಆನೆಯನ್ನು ಪಟ್ಟಣದವರು ನೋಡಿ ಸಂತೋಷಪಡುತ್ತಾರೆ. ಅದರ ಹೊಟ್ಟೆ ತುಂಬಿಸುವವರು ಕಾಡಂಚಿನ ಒಕ್ಕಲಿಗರು. ಬರೆಯಿರೆಂದು ಅವರು ಹೇಳಿದ್ದನ್ನು ಇಲ್ಲಿ ಬರೆದಿದ್ದೇವೆ.

ಸೋಲಿಗರ ಕೈಗೆ ಬಂದ ಬಗೆ

ಈ ಕಸಬಿನ ಮೊದಲು ಆನೆಯಲ್ಲ, ಬುಟ್ಟಿ. ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಸೋಲಿಗರೂ ಬುಟ್ಟಿ ಹೆಣೆಯುವ ಇತರ ಜನರೂ ಹಿಂದೆ ಬಿದಿರನ್ನು ನಂಬಿದ್ದರು. ಬಿದಿರು ಹೂಬಿಟ್ಟಾಗ ಮೆಳೆಗೆ ಮೆಳೆಯೇ ಒಣಗಿ ಸಾಯುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಮೇಲಾಗಿ ಕಾಡಿನ ಕಾನೂನು ಬಿಗಿಯಾಯಿತು. 2013ರಲ್ಲಿ ಆ ಕಾಡು ವನ್ಯಜೀವಿಧಾಮವೂ ಆಯಿತು. ಬಿದಿರು ಕೈಗೆ ಸಿಗುವುದು ಕಡಿಮೆಯಾದಾಗ ಬೆಂಗಳೂರಿನ ‘ಏಟ್ರೀ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು 2004ರ ಸುಮಾರಿಗೆ ಅಲ್ಲಿಯ ಜನರೊಡನೆ ಸೇರಿ, ಬಿದಿರು ಬೆತ್ತಗಳ ಬದಲಿಗೆ ಲಂಟಾನವನ್ನು ಬಳಸುವ ಪ್ರಯೋಗವನ್ನು ಆರಂಭಿಸಿದರು. ಯಾರಿಗೂ ಬೇಡವಾದ ಗಿಡ. ತೆಗೆದಷ್ಟೂ ಕಾಡಿಗೆ ಒಳ್ಳೆಯದು. ಕಚ್ಚಾ ಮಾಲಿಗೆ ಬೆಲೆಯಿಲ್ಲ. ಬುಟ್ಟಿ, ಕುರ್ಚಿ, ಮೇಜು, ಆಟದ ಸಾಮಾನು ಎಂದು ಕೆಲಸ ಬೆಳೆಯಿತು.

ಸೋಲಿಗರು ಲಂಟಾನದ ಬಗ್ಗೆ ಹೇಳುವ ಮತ್ತೊಂದು ಮಾತನ್ನು ನಾವು ಗಮನಿಸಬೇಕು. ಹಿಂದೆ ಅವರು ಬೇಸಗೆಯ ಮೊದಲಲ್ಲಿ ಕಾಡಿನ ತರಗೆಲೆಗೆ ಮೆಲ್ಲನೆಯ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಅದು ಎಳೆಯ ಲಂಟಾನವನ್ನು ಸುಟ್ಟು ಹುಲ್ಲಿಗೆ ಎಡೆ ಮಾಡುತ್ತಿತ್ತು. ಬೆಂಕಿಯನ್ನು ನಿಷೇಧಿಸಿದ ಮೇಲೆಯೇ ಲಂಟಾನ ಕಾಡನ್ನು ನುಂಗಿತೆಂದು ಅವರ ವಾದ. ಪೊದೆ ಆಳೆತ್ತರ ಬೆಳೆದುಬಿಟ್ಟಿರುವ ಈಗ ಬೆಂಕಿಯಿಟ್ಟರೆ ಅದು ಮೆಲ್ಲಗೆ ಉರಿಯದೆ ಮರದ ತಲೆಯವರೆಗೆ ಏರೀತು. ಆದ್ದರಿಂದ ನಮ್ಮ ಕಡೆಯ ಯಾರೂ ಇದನ್ನು ಓದಿ ಕಾಡಿಗೆ ಬೆಂಕಿ ಕೊಡಬಾರದು. ಅದು ಅಪರಾಧವೂ ಹೌದು, ಅಪಾಯವೂ ಹೌದು.

ಆನೆ ಮಾಡುವ ಯೋಚನೆ ಹುಟ್ಟಿದ್ದು ಗೂಡಲೂರಿನಲ್ಲಿ. ಅಲ್ಲಿ ಆನೆಗಳೊಡನೆ ಮನುಷ್ಯರು ಬಾಳುವ ರೀತಿಯನ್ನು ಅಭ್ಯಾಸ ಮಾಡುತ್ತಿದ್ದ ತರ್ಷ್ ತೇಕೇಕರ, ವಿನ್ಯಾಸ ಬಲ್ಲ ಶುಭ್ರಾ ನಾಯರ್ ಮೊದಲಾದವರು ಸ್ಥಳೀಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಜನರೊಡನೆಯೂ ಸೋಲಿಗರೊಡನೆಯೂ ಕೂಡಿ ಇದನ್ನು ಕೈಗೆತ್ತಿಕೊಂಡರು. ಒಂದೊಂದು ಆನೆಯೂ ಆ ಸೀಮೆಯ ಕಾಡಿನಲ್ಲಿ ಓಡಾಡುವ, ಗುರುತುಳ್ಳ ಒಂದು ಆನೆಯ ಅಳತೆ, ಚಹರೆಗಳಂತೆಯೇ ಮಾಡಿದ್ದು. 2021ರಲ್ಲಿ ಲಂಡನ್ನಿನ ರಾಜೋದ್ಯಾನಗಳಲ್ಲಿ ನೂರಕ್ಕೂ ಹೆಚ್ಚು ಆನೆಗಳು ನಿಂತವು. 2024ರಲ್ಲಿ 100 ಆನೆಗಳ ಹಿಂಡು ಅಮೆರಿಕಕ್ಕೆ ಹೋಗಿ, ನ್ಯೂಪೋರ್ಟ್ ಎಂಬ ಕಡಲ ತೀರದ ಊರಿನಿಂದ ಹೊರಟು ನ್ಯೂಯಾರ್ಕ್ ಮೊದಲಾದ ಪಟ್ಟಣಗಳಲ್ಲಿ ಪ್ರದರ್ಶಿತವಾಯಿತು. ಲಂಟಾನದ ತೌರು ಅಮೆರಿಕವೆಂದು ಮೇಲೆ ಹೇಳಿದೆವಷ್ಟೆ. ಹೂವಾಗಿ ಬಂದ ಗಿಡ ಆನೆಯಾಗಿ ಆ ಖಂಡಕ್ಕೆ ಹಿಂದಿರುಗಿದಂತಾಯಿತು.

ಮಾಡುವ ಕ್ರಮ

ಕೆಲಸದ ಕ್ರಮ ಸರಳ, ಆದರೆ ತಾಳ್ಮೆ ಬೇಕು. ನೆಟ್ಟಗೆ ಬೆಳೆದ, ಬೆರಳಿನಿಂದ ಹೆಬ್ಬೆರಳಿನಷ್ಟು ದಪ್ಪದ ಕಾಂಡಗಳನ್ನು ಆರಿಸಿ, ಎಲೆ ಮುಳ್ಳುಗಳನ್ನು ಸವರಬೇಕು. ಅವನ್ನು ಉದ್ದನೆಯ ಕೊಪ್ಪರಿಗೆಯಲ್ಲಿ ನೀರು ಹಾಕಿ ಕೆಲವು ಗಂಟೆಗಳ ಕಾಲ ಕುದಿಸಬೇಕು. ಕುದಿದ ಕಾಂಡದ ತೊಗಟೆ ಸುಲಭವಾಗಿ ಸುಲಿದು ಬರುತ್ತದೆ. ಒಳಗಿನ ಕಡ್ಡಿ ಮೆತ್ತಗಾಗಿ ಹೇಳಿದಂತೆ ಬಾಗುತ್ತದೆ. ಬಿಸಿಯಿರುವಾಗಲೇ ಬೇಕಾದ ಆಕಾರಕ್ಕೆ ಬಗ್ಗಿಸಿ ಮೊಳೆ ಹೊಡೆದೋ ಕಟ್ಟಿಯೋ ಬಿಗಿ ಮಾಡಬೇಕು. ಆರಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ದಪ್ಪ ಕಡ್ಡಿ ಕುರ್ಚಿ ಮೇಜುಗಳ ಕಾಲಿಗೆ, ಸಣ್ಣವು ಹೆಣಿಗೆಗೆ. ಆನೆಗಾದರೆ ಮೊದಲು ಕಬ್ಬಿಣದ ಸರಳಿನಿಂದ ಎಲುಬಿನ ಗೂಡಿನಂತಹ ಚೌಕಟ್ಟು ಮಾಡಿ, ಅದರ ಮೇಲೆ ಕಡ್ಡಿಗಳನ್ನು ಒಂದಕ್ಕೊಂದು ಒತ್ತಾಗಿ ಹೊದಿಸುತ್ತಾರೆ. ಕೊನೆಗೆ ಎಣ್ಣೆ ಅಥವಾ ವಾರ್ನಿಷು.

ಇದರ ಒಂದು ದೊಡ್ಡ ಗುಣ, ಗೆದ್ದಲಿಗೆ ಇದು ರುಚಿಸುವುದಿಲ್ಲ. ದನಕ್ಕೆ ವಿಷವಾದ ಗುಣವೇ ಸಾಮಾನಿಗೆ ಬಾಳಿಕೆ ಕೊಡುತ್ತದೆ. ಬಿದಿರು ಬುಟ್ಟಿಯನ್ನು ಹುಳು ಕೊರೆದು ಹಿಟ್ಟು ಉದುರಿಸುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ನಮ್ಮ ಶಾಲೆಯ ಪ್ರಯತ್ನ

ಲಾಲ್‌ಬಾಗಿನಿಂದ ಬಂದ ಮೇಲೆ ನಮ್ಮ ಶಾಲೆಯ ಮೇಲಿನ ತರಗತಿಯ ಮಕ್ಕಳೊಡನೆ ನಾವೂ ಒಂದು ಕೈ ನೋಡಿದೆವು. ನಮ್ಮ ಸ್ವಂತ ಹೊಲದ ಬದುವಿನಿಂದಲೇ ಕಡ್ಡಿ ತಂದು, ಬಚ್ಚಲು ಮನೆಯ ಹಂಡೆಯಲ್ಲಿ ಮುರಿದು ಮುರಿದು ಕುದಿಸಿದೆವು. ಮೊದಲನೆಯ ಸಲ ಸಾಲದಷ್ಟು ಹೊತ್ತು ಕುದಿಸಿ, ಬಗ್ಗಿಸಿದ ಕಡ್ಡಿಗಳೆಲ್ಲ ಪಟಪಟನೆ ಮುರಿದವು. ಎರಡನೆಯ ಸಲ ತೊಗಟೆ ಸರಾಗವಾಗಿ ಬಂದಿತು. ಊರಿನಲ್ಲಿ ಬುಟ್ಟಿ ಹೆಣೆದು ಬಲ್ಲ ಅಜ್ಜಿಯೊಬ್ಬರು ಜಗುಲಿಯ ಮೇಲೆ ಕುಳಿತು ಮಕ್ಕಳಿಗೆ ತಳ ಹಾಕುವುದನ್ನು ಹೇಳಿಕೊಟ್ಟರು. "ಬಿದಿರಾದ್ರೆ ಸೀಳು ಬರ್ತದೆ ಕಣಪ್ಪ, ಇದು ಸೀಳಕ್ಕೆ ಬರಲ್ಲ, ಹಂಗೇ ಬಗ್ಗಿಸ್ಬೇಕು" ಎಂದು ಅವರೇ ಮೊದಲ ದಿನ ಕಂಡುಹಿಡಿದರು.

ಆ ಮಾತಿನಲ್ಲಿ ಈ ಕಸಬಿನ ಮಿತಿಯೂ ಅಡಗಿದೆ. ಬೆರಳು ದಪ್ಪದ ಕಡ್ಡಿಯಿಂದ ಬಿದಿರಿನಂತೆ ಅಗಲವಾದ ತೆಳುಪಟ್ಟಿ ಬರುವುದಿಲ್ಲ. ಆದ್ದರಿಂದ ಗೌರಿ ಹಬ್ಬದ ಬಾಗಿನಕ್ಕೆ ಬೇಕಾದ ಮೊರ ನಮ್ಮ ಕೈಲಿ ಆಗಲಿಲ್ಲ. ಅದು ಬಿದಿರಿನದೇ ಸೊಗಸು, ಮೇದರ ಕೈಯದೇ ಅಚ್ಚುಕಟ್ಟು. ಹಬ್ಬಕ್ಕೆ ಪ್ಲಾಸ್ಟಿಕ್ಕಿನ ಮೊರ ತಂದು ಮೇದರ ಹೊಟ್ಟೆಯ ಮೇಲೆ ಹೊಡೆಯುವುದಕ್ಕಿಂತ, ಹಳ್ಳಿಯ ಕಡೆಗಿರುವ ಬಾವಿಯ ಬಳಿ ಎರಡು ಬಿದಿರು ಮೆಳೆ ಬೆಳೆಸುವುದು ಮೇಲು. ಕಾಡಿನ ಅಂಚಿನ ಹೊಲದಲ್ಲಿ ಮಾತ್ರ ಬಿದಿರು ಬೇಡ. ಆನೆಗೆ ಅದಕ್ಕಿಂತ ಪ್ರಿಯವಾದ ಮೇವು ಕಡಿಮೆ.

ಆದರೆ ಕೋಳಿ ಮುಚ್ಚುವ ಗೂಡೆ, ತರಕಾರಿ ಹೊರುವ ಮಂಕರಿ, ಕೂರುವ ಮಣೆ, ಹಾಗಲ ಬಳ್ಳಿಗೆ ಚಪ್ಪರ, ಎಳೆಯ ಸಸಿಗೆ ಮೇಕೆ ಬಾಯಿ ಹಾಕದಂತೆ ತಡಿಕೆ, ಇವೆಲ್ಲ ಚೆನ್ನಾಗಿಯೇ ಬಂದವು. ಒಬ್ಬ ಹುಡುಗಿ ಮಿಕ್ಕ ತುಂಡು ಕಡ್ಡಿಗಳಿಂದ ಗುಬ್ಬಿಯೊಂದನ್ನು ಮಾಡಿ ಅದಕ್ಕೆ ಸೀಗೆ ಬೀಜದ ಕಣ್ಣಿಟ್ಟಳು. ನಾವು ಹೇಳಿಕೊಟ್ಟದ್ದಲ್ಲ. ಪಾಠದ ಪುಸ್ತಕ ಕಂಡರೆ ಹಿಂದೆ ಸರಿಯುವ ಮಗು ಅದು. ಈಗ ತರಗತಿಯ ಕಿಟಕಿಯಲ್ಲಿ ಅವಳ ಗುಬ್ಬಿ ಕುಳಿತಿದೆ. ಉಪಾಧ್ಯಾಯರ ತರಬೇತಿಯ ಕಾಲದಲ್ಲಿ ಗಾಂಧೀಜಿಯವರ ಮೂಲ ಶಿಕ್ಷಣವನ್ನು ಪರೀಕ್ಷೆಗಾಗಿ ಓದಿದ್ದೆವು. 1937ರಲ್ಲಿ ವಾರ್ಧಾದಲ್ಲಿ ಅವರು ಮುಂದಿಟ್ಟ, ಕೈಕೆಲಸದ ಮೂಲಕವೇ ವಿದ್ಯೆ ಕಲಿಸಬೇಕೆಂಬ ವಿಚಾರದ ಅರ್ಥ ನಮಗೆ ಆ ಗುಬ್ಬಿಯನ್ನು ಕಂಡ ದಿನ ಆಯಿತೆಂದು ಒಪ್ಪಿಕೊಳ್ಳಬೇಕು.

ಲೆಕ್ಕವನ್ನೂ ಮುಚ್ಚಿಡಬಾರದು. ಒಂದು ಒಳ್ಳೆಯ ಮಂಕರಿಗೆ ಒಬ್ಬ ಹಿರಿಯರ ಒಂದು ದಿನ ಹಿಡಿಯುತ್ತದೆ. ಸಂತೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಯೊಡನೆ ಬೆಲೆಯ ಪೋಟಿಗೆ ನಿಂತರೆ ಒಂದು ದಿನದ ಕೂಲಿ ಹುಟ್ಟುವುದಿಲ್ಲ. ಕುರ್ಚಿ, ದೀಪದ ಗೂಡು, ಆಟದ ಸಾಮಾನುಗಳಿಗೆ ಹೊಸೂರು ಬೆಂಗಳೂರುಗಳಲ್ಲಿ ಗಿರಾಕಿಯುಂಟು. ಆದರೆ ಅಲ್ಲಿಗೆ ತಲುಪಿಸಲು ಒಬ್ಬಿಬ್ಬರಿಂದಾಗದು, ಮಹಿಳಾ ಸ್ವಸಹಾಯ ಸಂಘಗಳಂತಹ ಕೂಟ ಬೇಕು. ಮನೆಯ ಬಳಕೆಗೆ ಮಾಡಿಕೊಳ್ಳುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಬಾಳೆಯ ದಿಂಡೂ ವ್ಯರ್ಥವಲ್ಲ

ಲಂಟಾನದಂತೆಯೇ ನಾವು ಎಸೆಯುವ ಇನ್ನೊಂದು ವಸ್ತು ಬಾಳೆಯ ದಿಂಡು. ಗೊನೆ ಕಡಿದ ಮೇಲೆ ಅದು ತೋಟದಲ್ಲೇ ಕೊಳೆಯುತ್ತದೆ. ಹಂಪಿಯ ಎದುರಿಗಿರುವ ಆನೆಗೊಂದಿಯಲ್ಲಿ ಶಮಾ ಪವಾರ್ ಅವರು 1997ರಲ್ಲಿ ಸ್ಥಾಪಿಸಿದ ಕಿಷ್ಕಿಂಧಾ ಟ್ರಸ್ಟ್ ಊರಿನ ಹೆಂಗಸರಿಗೆ ಬಾಳೆ ನಾರಿನ ಕೆಲಸ ಕಲಿಸಿತು. ದಿಂಡಿನ ಪಟ್ಟೆಗಳನ್ನು ಬಿಡಿಸಿ, ಬಿಸಿಲಲ್ಲಿ ಒಣಗಿಸಿ, ಸೀಳಿ, ಹೊಸೆದು ಹುರಿ ಮಾಡಿ, ಅದರಿಂದ ಚೀಲ, ಚಾಪೆ, ಬುಟ್ಟಿಗಳನ್ನು ಹೆಣೆಯುತ್ತಾರೆ. ಹೊಲದ ಕೂಲಿಯನ್ನು ಬಿಟ್ಟರೆ ಬೇರೆ ದಾರಿಯಿಲ್ಲದಿದ್ದವರಿಗೆ ಮನೆಯ ನೆರಳಿನಲ್ಲೇ ಕೆಲಸ ದೊರೆಯಿತು. ನಮ್ಮಲ್ಲಿ ಬಾಳೆ ಬೆಳೆಯುವವರು ಹೂ ಕಟ್ಟಲು ನಾರು ಸೀಳುವುದನ್ನು ಬಲ್ಲರು. ಅದೇ ಕೈ ಇನ್ನೊಂದು ಹೆಜ್ಜೆ ಮುಂದಿಟ್ಟರೆ ಸಾಕು.

ಬೇರು ಸಹಿತ ತೆಗೆಯುವ ವಿಧಾನ

ಬುಟ್ಟಿ ಹೆಣೆಯಲು ಮನಸ್ಸಿಲ್ಲದವರೂ ಬದುವಿನ ಲಂಟಾನವನ್ನು ತೆಗೆಯಬೇಕಾದ್ದು ಅಗತ್ಯ. ಮಚ್ಚಿನಿಂದ ನೆಲಮಟ್ಟಕ್ಕೆ ಕಡಿಯುವುದು ದಂಡ. ಬುಡದಿಂದ ಹತ್ತು ಚಿಗುರು ಏಳುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಿಧಾನ ಹೀಗಿದೆ:

ಬುಡದ ಮಣ್ಣನ್ನು ಸ್ವಲ್ಪ ಸರಿಸಿ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್, ಎಂದರೆ ಒಂದೂವರೆ ಎರಡು ಅಂಗುಲ ಕೆಳಗೆ, ತಾಯಿಬೇರನ್ನು ಗುದ್ದಲಿಯಿಂದ ಒಂದೇ ಪೆಟ್ಟಿಗೆ ಕತ್ತರಿಸಬೇಕು. ಚಿಗುರೊಡೆಯುವ ಶಕ್ತಿ ಇರುವುದು ಕಾಂಡವೂ ಬೇರೂ ಕೂಡುವ ಆ ಗಂಟಿನಲ್ಲಿ. ಗಿಡವನ್ನು ಎತ್ತಿ ಬೇರು ಮೇಲಾಗುವಂತೆ ತಲೆಕೆಳಗಾಗಿ ಇಡಬೇಕು. ಕಾಂಡ ನೆಲಕ್ಕೆ ತಾಗಿದರೆ ಅಲ್ಲಿಂದಲೇ ಬೇರು ಬಿಟ್ಟೀತು. ಆಳವಾಗಿ ಅಗೆಯಬೇಕಾಗಿಲ್ಲ; ಅಗೆದು ಮಣ್ಣು ಮಗುಚಿದಷ್ಟೂ ಹುದುಗಿದ ಬೀಜಗಳು ಮೊಳೆಯುತ್ತವೆ.

ಹಣ್ಣು ಕಟ್ಟುವ ಮೊದಲೇ ಈ ಕೆಲಸ ಮಾಡಬೇಕು. ಮುಂದಿನ ಎರಡು ಮಳೆಗಾಲ, ಹಕ್ಕಿ ಕೂರುವ ಮರಗಳ ಕೆಳಗೆ ನೋಡಿಕೊಂಡು ಎಳೆಯ ಸಸಿಗಳನ್ನು ಕೈಯಿಂದ ಕಿತ್ತುಹಾಕಬೇಕು. ತೆರವಾದ ಜಾಗವನ್ನು ಬರಿದಾಗಿ ಬಿಟ್ಟರೆ ಲಂಟಾನ ಮರಳಿ ಬರುತ್ತದೆ. ಹುಲ್ಲು ಬೆಳೆಸಬೇಕು, ಹೊಂಗೆ, ಬೇವು, ಹುಣಸೆಗಳಂತಹ ನಮ್ಮ ಮರಗಳನ್ನು ನೆಡಬೇಕು. ಹೊಂಗೆಯ ಸೊಪ್ಪು ಗೊಬ್ಬರಕ್ಕೂ ಆದೀತು.

ಎಚ್ಚರಿಕೆಯ ಮಾತು ಮೂರು. ಸವರಿದ ಎಲೆ ತೊಗಟೆಗಳನ್ನು ದನದ ಗೋದಲಿಯ ಬಳಿ ಬಿಡಬಾರದು. ಕಡ್ಡಿ ಕುದಿಸಿದ ನೀರನ್ನು ದನ ಕುಡಿಯುವ ತೊಟ್ಟಿಯ ಕಡೆ ಚೆಲ್ಲಬಾರದು. ಪೊದೆಯೊಳಗೆ ಹಾವು ಹಂದಿ ಇರಬಹುದಾದ್ದರಿಂದ ಒಬ್ಬರೇ ಹೋಗದೆ, ಸದ್ದು ಮಾಡಿ, ಕೋಲಿನಿಂದ ಬಡಿದು ನೋಡಿ ಕೈ ಹಾಕಬೇಕು. ನಮ್ಮ ಹೊಲದ ಬದುವಿನಲ್ಲಿರುವುದನ್ನು ತೆಗೆಯಲು ನಾವೇ ಯಜಮಾನರು. ಕಾಯ್ದಿಟ್ಟ ಅರಣ್ಯದೊಳಗಿನದಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೈ ಹಚ್ಚಬಾರದು. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ ಘೋಷಿತವಾದ ಮೇಲೆ ನಮ್ಮ ಸೀಮೆಯ ಕಾಡಿನ ಬಹುಭಾಗಕ್ಕೆ ಕಟ್ಟಳೆ ಇನ್ನೂ ಬಿಗಿಯಾಗಿದೆ.

ಕೊನೆಯ ಮಾತು

ಬುಟ್ಟಿ ಹೆಣೆದು, ಆನೆ ಮಾಡಿ ಲಂಟಾನವನ್ನೆಲ್ಲ ಮುಗಿಸಿಬಿಡಬಹುದೆಂದು ನಾವು ನಂಬಿಲ್ಲ, ವಾಚಕರೂ ನಂಬಬೇಕಾಗಿಲ್ಲ. ಲಕ್ಷಾಂತರ ಚದರ ಕಿಲೋಮೀಟರಿನ ಗಿಡದ ಮುಂದೆ ನೂರು ಆನೆ ಎಷ್ಟರವು? ಕಾಡಿನ ಲಂಟಾನ ತೆಗೆಯುವುದು ಸರ್ಕಾರದ ಕೆಲಸ. ಅದನ್ನು ಮಾಡುವಾಗ ಕಾಡಂಚಿನ ಹಳ್ಳಿಗಳ ಜನರಿಗೇ ಕೂಲಿ ಕೊಟ್ಟು, ತೆಗೆದ ಕಡ್ಡಿಯನ್ನು ಕಸಬುದಾರರಿಗೆ ಒದಗಿಸಿದರೆ, ಹುಲ್ಲೂ ಬೆಳೆದೀತು, ಹಳ್ಳಿಗೂ ನಾಲ್ಕು ಕಾಸು ಬಂದೀತು. ಆನೆ ತಿಂದ ರಾಗಿಗೆ ಪರಿಹಾರ ಕೇಳುವುದು ನಮ್ಮ ಹಕ್ಕು. ಅದರ ಜೊತೆಗೆ ಈ ಕೆಲಸವನ್ನೂ ಗ್ರಾಮಸಭೆಯಲ್ಲಿ ಕೇಳಬೇಕು. ತಮಿಳಿನಲ್ಲಿ ಅರ್ಜಿ ಬರೆಯಲು ತೊಡಕಾಗುವವರಿಗೆ ಊರಿನ ಓದಿದ ಮಕ್ಕಳು ಬರೆದುಕೊಟ್ಟರೆ ಅದೂ ಒಂದು ಸೇವೆಯೇ.

ನಮ್ಮ ಕೈಯಲ್ಲಿರುವುದು ನಮ್ಮ ಬದು. ಹಿರಿಯ ಗೌಡರು ಈ ಸಲ ಮುಂಗಾರಿಗೆ ಮುಂಚೆ ತಮ್ಮ ಹೊಲದ ಕಾಡು ಕಡೆಯ ಬದುವನ್ನು ಮೂಲೆಯಿಂದ ಮೂಲೆಗೆ ಕಿತ್ತು ಬಯಲು ಮಾಡಿದ್ದಾರೆ. "ಆನೆ ಬರೋದು ಬಂದೇ ಬರ್ತದೆ ಮೇಷ್ಟ್ರೇ, ಆದ್ರೆ ಬರೋದು ದೂರದಿಂದ್ಲೇ ಕಾಣ್ತದಲ್ಲ" ಎನ್ನುತ್ತಾರೆ. ಕಿತ್ತ ಕಡ್ಡಿಯನ್ನು ಸುಡದೆ, ಎರಡು ಗಾಡಿ ನಮ್ಮ ಶಾಲೆಯ ಹಿತ್ತಲಿಗೆ ಹಾಕಿಸಿದ್ದಾರೆ. ಕಲಿಯಬೇಕೆನ್ನುವವರು ಶನಿವಾರ ಮಧ್ಯಾಹ್ನ ಬಂದರೆ ಹಂಡೆ ಒಲೆಯ ಮೇಲಿರುತ್ತದೆ. ಬರುವಾಗ ಒಂದು ಕುಡುಗೋಲು ತಂದರೆ ಸಾಕು.